ಜತ್‌ನ ಟ್ರ್ಯಾಕ್ಟರ್ ಶೆಡ್: ಕೆಲಸ ಚೊಕ್ಕ, ಹೇಳಿದ ದಿನ ಮಾತ್ರ ನಂಬಬೇಡಿ

ನಮ್ಮದು ಅಪ್ಪನ ಕಾಲದ ಮ್ಯಾಸಿ 1035 ಟ್ರ್ಯಾಕ್ಟರ್, ಮೂರು ಸಿಲಿಂಡರ್. ರಂಟೆ ಹೊಡೆಯುವಾಗ ನೀಲಿ ಹೊಗೆ, ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ಆಯಿಲ್ ಮಾಯ. ಮೊದಲು ತೋರಿಸಿದ ಕಡೆ ಬಿಚ್ಚಿ ನೋಡದೇನೇ ಡೀಸೆಲ್ ಪಂಪ್ ಹೋಗಿದೆ ಅಂದರು. ಪಂಪ್ ಹೋದರೆ ಆಯಿಲ್ ಯಾಕೆ ಸುಡುತ್ತೆ, ಅಲ್ವಾ?

ಆಮೇಲೆ ಗಡಿಯಾಚೆ ಮಹಾರಾಷ್ಟ್ರದ ಜತ್‌ನಲ್ಲಿ, ವಿಜಯಪುರ ರಸ್ತೆಯ ಈ ತಗಡಿನ ಶೆಡ್ಡಿಗೆ ತಂದೆ. ಮೇಸ್ತ್ರಿ ಇಂಜಿನ್ ಓಡುತ್ತಿದ್ದಾಗಲೇ ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. "ಕಾಕಾ, ಗಾಳಿ ಕೆಳಗೆ ದಾಟ್ತಿದೆ, ಪಿಸ್ಟನ್ ಸುತ್ತಲಿನ ರಿಂಗ್ ಸವೆದಿವೆ." ಇಂಜಿನ್ ಮೇಲಿನ ಹೆಡ್ ಇಳಿಸಿದ ಮೇಲೆ ಲೈನರ್ (ಪಿಸ್ಟನ್ ಆಡುವ ಕೊಳವೆ) ಒಳಗೆ ನನ್ನ ಬೆರಳನ್ನೇ ಆಡಿಸಿ ತೋರಿಸಿದರು, ಮೇಲ್ಗಡೆ ಉಗುರಿಗೆ ಸಿಗುವಷ್ಟು ಅಂಚು ಎದ್ದಿತ್ತು. ಸುಮ್ನೆ ರಿಂಗ್ ಬದಲಿಸಿದರೆ ಆ ಅಂಚಿಗೆ ಬಡಿದು ಮುರಿಯುತ್ತೆ, ಹಾಗಾಗಿ ಮೂರೂ ಲೈನರ್, ಪಿಸ್ಟನ್ ಹೊಸವು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದು ಮೂರು ಸುತ್ತಿನಲ್ಲಿ ಬಿಗಿದರು; ನಮ್ಮ ಕಡೆ ಪಾನಾಕ್ಕೆ ಪೈಪು ಸಿಕ್ಕಿಸಿ ಜೋತುಬೀಳುವವರೇ ಜಾಸ್ತಿ.

ಬೇಜಾರು ಒಂದೇ. ನಾಲ್ಕು ದಿನ ಅಂದವರು ಹನ್ನೊಂದು ದಿನ ಮಾಡಿದರು, ಕೇಳಿದಾಗಲೆಲ್ಲ ಸಾಮಾನು ಸಾಂಗ್ಲಿಯಿಂದ ಬರಬೇಕು ಅನ್ನೋದು. ಅಷ್ಟರಲ್ಲಿ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ತರಬೇಕಾಯಿತು.

ಬಿಲ್ ಮರಾಠಿಯಲ್ಲಿ, ಚೌಕಾಸಿ ಕನ್ನಡದಲ್ಲಿ. ಹಳೇ ಪಿಸ್ಟನ್ ಎಲ್ಲ ಗೋಣಿಚೀಲಕ್ಕೆ ಹಾಕಿ ವಾಪಸ್ ಕೊಟ್ಟರು, ಇದು ಬಹಳ ಹಿಡಿಸಿತು. 50 ಗಂಟೆ ಓಡಿಸಿ ಆಯಿಲ್ ಬದಲಿಸಿ ಅಂದಿದ್ದಾರೆ. ಈಗ 30 ಆಗಿದೆ, ಡಿಪ್‌ಸ್ಟಿಕ್ ಎತ್ತಿ ನೋಡಿದರೆ ಆಯಿಲ್ ಗೆರೆಯಿಂದ ಇನ್ನೂ ಇಳಿದಿಲ್ಲ.