ಹುಣಸೆ ಬೀಜ, ರಂಗೋಲಿ, ಕಸೂತಿ: ಮಕ್ಕಳಿಗೆ ಗಣಿತ ಯಾವುದರಲ್ಲಿ ಕಾಣುತ್ತದೆ?

ಆರೇಳು ವರ್ಷದ ಮಕ್ಕಳಿಗೆ ಗಣಿತದ ವಿನ್ಯಾಸಗಳನ್ನು ತೋರಿಸಲು ಧಾರವಾಡದ ನಮ್ಮ ಮನೆಯಲ್ಲಿ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಕಲಿಯುವವರು ನನ್ನ ಮಗಳು ಮತ್ತು ಓಣಿಯ ಅವಳ ಗೆಳತಿಯರು. ಮುಂದೆ ಏನು ಬರುತ್ತದೆ ಅಂತ ಹೇಳಿದರೆ ನನಗೆ ಸಾಲದು. ಯಾಕೆ ಅಂತಲೂ ಮಗು ಹೇಳಬೇಕು.

ಅಂಗಡಿಯ ವರ್ಕ್‌ಶೀಟ್ ಇಲ್ಲಿ ಸೋಲುತ್ತದೆ. ಕೆಂಪು, ನೀಲಿ, ಕೆಂಪು, ನೀಲಿ. ನಾಲ್ಕು ವರ್ಷದವರಿಗೆ ಸರಿ. ಅವರಿಗಿಂತ ದೊಡ್ಡ ಮಕ್ಕಳು ಹಿಂದಿನ ಬಣ್ಣ ನೋಡಿ ಸುಮ್ನೆ ತುಂಬಿಬಿಡುತ್ತಾರೆ.

ಹುಣಸೆ ಬೀಜದ ಕಥೆಯೇ ಬೇರೆ. ಒಂದು ಬೀಜ ಇಡಿ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಒಂದೊಂದು, ಒಟ್ಟು 3 ಸೇರಿಸಿ: 4 ಬೀಜದ ಚೌಕ. ಅದೇ ಎರಡು ಬದಿಗೆ 5 ಸೇರಿಸಿದರೆ 9, ಆಮೇಲೆ 7 ಸೇರಿಸಿದರೆ 16. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ, "ಕಾಕೂ, ಈಗ ಒಂಬತ್ತು ಬೇಕು" ಅಂದಳು. ಯಾಕೆ ಅಂದೆ. "ಈ ಕಡೆ ಒಂದು ಜಾಸ್ತಿ, ಆ ಕಡೆ ಒಂದು ಜಾಸ್ತಿ." ಬೆಸಸಂಖ್ಯೆಗಳನ್ನು 1ರಿಂದ ಕೂಡಿಸುತ್ತ ಹೋದರೆ ಚೌಕವೇ ಯಾಕೆ ಬರುತ್ತದೆ ಅನ್ನುವುದಕ್ಕೆ ಇದೇ ಕಾರಣ! ಸೂತ್ರ ಬೇಕಾಗಲಿಲ್ಲ. ಬೀಜವನ್ನು ಕೈಯಿಂದ ಸರಿಸಬಹುದು, ತಪ್ಪಿದರೆ ಅಳಿಸುವ ಗೋಜಿಲ್ಲ.

ಚುಕ್ಕಿ ರಂಗೋಲಿ ಮೂರನೆಯದು. 1, 3, 5, 7, 5, 3, 1 ಚುಕ್ಕಿ ಇಡಿ. ಒಟ್ಟು 25. ಅಕ್ಕಪಕ್ಕದ, ಮೇಲೆಕೆಳಗಿನ ಚುಕ್ಕಿಗೆ ಒಂದೇ ಬಣ್ಣ ಬಾರದಂತೆ ಎರಡು ಬಣ್ಣದಲ್ಲಿ ಇಟ್ಟರೆ ಓರೆಯಾಗಿ ನಿಂತ ಎರಡು ಚೌಕ ಕಾಣುತ್ತವೆ: ಒಂದರಲ್ಲಿ 16, ಇನ್ನೊಂದರಲ್ಲಿ 9. ಎಡ-ಬಲ ಒಂದೇ ಥರ ಇರುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಬಣ್ಣದ ಪುಡಿ ಕಂಡ ಮೇಲೆ ಎಣಿಕೆ ಯಾರಿಗೂ ಬೇಡ.

ಕಸೂತಿ ನಮ್ಮೂರ ಹೆಮ್ಮೆ, ಇಲಕಲ್ ಸೀರೆಯ ಗೋಪುರ, ತೇರು ಎಲ್ಲ ಎಳೆ ಎಣಿಸಿಯೇ ಹಾಕಿದ್ದು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬುತ್ತದೆ, ಹಾಗಾಗಿ ಬಟ್ಟೆಯ ಎರಡೂ ಬದಿ ಒಂದೇ ಥರ. ಸಣ್ಣ ಕೈಗೆ ಎಳೆ ಎಣಿಸುವುದು ಆಗದ ಮಾತು. ಚೌಕುಳಿ ಹಾಳೆಯ ಮೇಲೆ ಹೋಗುವ ದಾರಿಗೊಂದು ಬಣ್ಣ, ಬರುವ ದಾರಿಗೊಂದು ಬಣ್ಣದ ಪೆನ್ಸಿಲ್ ಕೊಟ್ಟೆ, ಆಗ ಹಿಡಿಸಿತು. ಸೂಜಿಗೆ ಒಂಬತ್ತು ವರ್ಷ ಆಗಲಿ.

ಒಂದೇ ಆರಿಸಿ ಅಂದರೆ ನಾನು ಬೀಜವನ್ನೇ ಕೊಡುತ್ತೇನೆ. ತೊಳೆದು ಒಣಗಿಸಿದ ಐವತ್ತು ಬೀಜ ಡಬ್ಬಿಯಲ್ಲಿದ್ದರೆ 7 ಸಾಲಿನ ಚೌಕದವರೆಗೆ ಸಾಕು. ಮನೆಯಲ್ಲಿ ತೀರ ಸಣ್ಣ ಕೂಸಿದ್ದರೆ ಡಬ್ಬಿ ಮೇಲಿಡಿ, ಬಾಯಿಗೆ ಹಾಕಿಕೊಳ್ಳುತ್ತವೆ.