ಟ್ರೇಲರ್ ಮೇಲೆ ಕಬ್ಬಿಣದ ಪ್ಲೇಟ್ ಹೇರಿಸುವವರೇ, ಕ್ಯಾಬಿನ್ ಹಿಂದಿನ ಖಾಲಿ ಜಾಗ ನೋಡಿ

ಕಳೆದ ಮಳೆಗಾಲದಲ್ಲಿ ಅರಬೈಲ್ ಘಟ್ಟ ಇಳಿಯುವಾಗ ಹತ್ತು ಟನ್ ಕಬ್ಬಿಣ ನನ್ನ ಬೆನ್ನಿನಿಂದ ಒಂದು ಮೊಳ ದೂರಕ್ಕೆ ಬಂದು ನಿಂತಿತು. ಅದು ಅಲ್ಲಿಯವರೆಗೆ ಹೇಗೆ ಬಂತು ಅಂತ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಿಂದ ಮಾಲು ತರಿಸುವ ನಮ್ಮ ಕಡೆಯ ವರ್ಕ್‌ಶಾಪಿನವರು ದಯವಿಟ್ಟು ಓದಿ.

ಅಂಕೋಲದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಪಿಕಪ್‌ನಲ್ಲಿ ಆ್ಯಂಗಲ್, ಪೈಪು ತಂದು ರೂಢಿ. ಟ್ರೇಲರ್ ಬಾಡಿಗೆಗೆ ಹಿಡಿದದ್ದು ಅದೇ ಮೊದಲು. 12 ಮಿಮೀ ದಪ್ಪದ, ಒಂದೂವರೆ ಮೀಟರ್ ಅಗಲ, ಆರು ಮೀಟರ್ ಉದ್ದದ 24 ಪ್ಲೇಟ್. ಒಂದೊಂದೂ 850 ಕೆಜಿ ಹತ್ತಿರ, ಒಟ್ಟು 20 ಟನ್ ಮೇಲೆ. ಇಷ್ಟಾದರೂ ಪೇರಿಸಿಟ್ಟರೆ ಒಂದು ಅಡಿ ಎತ್ತರ ಇಲ್ಲ. ಹುಲ್ಲು ಹೇರಿದ ಲಾರಿ ಕಂಡರೆ ಹೆದರಿ ಪಕ್ಕಕ್ಕೆ ಸರಿಯುತ್ತೇವೆ. ಇದು ಚಾಪೆ ಹಾಸಿದ ಹಾಗೆ ಕಾಣುತ್ತಿತ್ತು.

ಯಾರ್ಡಿನವರು ಪ್ಲೇಟುಗಳನ್ನು ನಲವತ್ತು ಅಡಿ ಟ್ರೇಲರಿನ ನಡುವೆ ಇಟ್ಟರು. ಅದು ತಪ್ಪಲ್ಲ. ಎಲ್ಲ ಭಾರ ಮುಂದಕ್ಕೆ ತಳ್ಳಿದರೆ ಎಂಜಿನ್ ಗಾಡಿಯ ಆಕ್ಸಲ್ ಮೇಲೆ ಬೀಳುತ್ತದೆ, ತೀರಾ ಹಿಂದೆ ಇಟ್ಟರೆ ಎಳೆಯುವ ಚಕ್ರ ಹಗುರಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. (ವೇಬ್ರಿಜ್ ಚೀಟಿಯಲ್ಲಿ ಒಟ್ಟು ತೂಕ ಮಾತ್ರ ಇರುತ್ತದೆ, ಅದು ಯಾವ ಚಕ್ರದ ಮೇಲೆ ಕೂತಿದೆ ಅಂತ ಇರುವುದಿಲ್ಲ.) ಆದರೆ ಹಾಗೆ ಇಟ್ಟಾಗ ಪ್ಲೇಟಿನ ತುದಿಗೂ ಕ್ಯಾಬಿನ್ ಹಿಂದಿನ ಕಬ್ಬಿಣದ ತಡೆಗೂ ನಡುವೆ ಎಂಟು ಅಡಿ ಖಾಲಿ ಉಳಿಯಿತು. ಅಲ್ಲಿ ಏನನ್ನೂ ಕೊಡಲಿಲ್ಲ. ಹನ್ನೆರಡು ಪ್ಲೇಟ್ ಇಟ್ಟಾದ ಮೇಲೆ ಮಳೆ ಹೊಯ್ಯಿತು, ನಿಂತ ಮೇಲೆ ಉಳಿದ ಹನ್ನೆರಡನ್ನು ಹಾಗೇ ಒದ್ದೆ ಮೈಮೇಲೆ ಇಳಿಸಿದರು. ಮೇಲಿಂದ ನಾಲ್ಕು ಬೆಲ್ಟ್.

“ಮುಂದೆ ಒಂದು ತಡೆ ಕೊಡ್ಬೇಕಲ್ವಾ?” ಅಂತ ಕೇಳಿದೆ.

“ಇಷ್ಟ್ ಭಾರ ಐತಿ, ಎಲ್ಲಿ ಹೋಕ್ಕೈತ್ರಿ?” ಅಂದ ಕ್ರೇನಿನವ. ನನಗೂ ಹೌದೆನ್ನಿಸಿತು. ವೆಲ್ಡಿಂಗ್ ಮಾಡುತ್ತಲೇ ಇಪ್ಪತ್ತು ವರ್ಷ ಕಳೆದವನಿಗೆ ಹಾಗೆ ಅನ್ನಿಸಬಾರದಿತ್ತು.

ಯಲ್ಲಾಪುರ, ಇಡಗುಂದಿ ದಾಟುವವರೆಗೆ ಏನೂ ತೊಂದರೆಯಿಲ್ಲ. ಘಟ್ಟದಲ್ಲಿ ಒಂದು ತಿರುವಿನಾಚೆ ಟ್ಯಾಂಕರ್ ಕೆಟ್ಟು ನಿಂತಿತ್ತು. ನಮ್ಮ ವೇಗ ಮೂವತ್ತೂ ಇದ್ದಿರಲಿಕ್ಕಿಲ್ಲ. ಡ್ರೈವರ್ ಬ್ರೇಕ್ ಒತ್ತಿದ. ಗಾಡಿ ನಿಂತಿತು, ಪ್ಲೇಟು ನಿಲ್ಲಲಿಲ್ಲ. ಬೆನ್ನ ಹಿಂದೆ ಗ್ರೈಂಡರ್ ಹಿಡಿದ ಹಾಗೆ ಒಂದು ಸದ್ದು, ಮರುಕ್ಷಣ ಗುದ್ದು. ಮೇಲಿನ ಹನ್ನೆರಡು ಪ್ಲೇಟ್ ಒಟ್ಟಿಗೇ ಜಾರಿ ಬಂದು ತಡೆಯನ್ನು ಬಗ್ಗಿಸಿ, ಸೀಟಿನ ಹಿಂದೆ ಮಲಗುವ ಜಾಗದ ತಗಡನ್ನು ಒಳಕ್ಕೆ ತಳ್ಳಿದ್ದವು. ಕ್ಲೀನರ್ ಹುಡುಗ ಕಲಘಟಗಿಯಿಂದ ಅಲ್ಲೇ ಮಲಗಿದ್ದ. ಇಡಗುಂದಿಯಲ್ಲಿ ಚಹಾ ಕುಡಿಯಲು ಎದ್ದವ ಮತ್ತೆ ಮಲಗದೆ ನನ್ನ ಪಕ್ಕ ಕೂತು ಫೋನ್ ನೋಡುತ್ತಿದ್ದ.

ಆಮೇಲೆ ಒಬ್ಬ ಹಳೇ ಟ್ರೇಲರ್ ಡ್ರೈವರ್ ಹತ್ತಿರ ಕೂತು ಲೆಕ್ಕ ಮಾಡಿದೆ. ಒದ್ದೆ, ಎಣ್ಣೆ ಪಸೆಯ ಕಬ್ಬಿಣದ ಮೇಲೆ ಕಬ್ಬಿಣ ಇಟ್ಟರೆ ಘರ್ಷಣೆ ಹಿಡಿಯುವುದು ಭಾರದ ಹತ್ತರಲ್ಲಿ ಒಂದೆರಡು ಪಾಲು ಅಷ್ಟೆ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮಾಲು ತನ್ನ ಭಾರದ ಹತ್ತರಲ್ಲಿ ಎಂಟು ಪಾಲಿನವರೆಗೂ ಮುಂದಕ್ಕೆ ನುಗ್ಗಬಹುದು ಅಂತಲೇ ಯುರೋಪಿನ ಮಾನದಂಡದಲ್ಲಿ ಕಟ್ಟುವ ಲೆಕ್ಕ ಹಿಡಿಯುತ್ತಾರೆ. ಭಾರ ಎರಡು ಪಟ್ಟು ಮಾಡಿ: ಹಿಡಿತವೂ ಎರಡು ಪಟ್ಟು, ನುಗ್ಗುವುದೂ ಎರಡು ಪಟ್ಟು. ಅಂದರೆ ಒಂದು ಟನ್ ಜಾರುವ ಕಡೆ ಇಪ್ಪತ್ತು ಟನ್ನೂ ಜಾರುತ್ತದೆ. ಕ್ರೇನಿನವನ ಮಾತು ಸುಳ್ಳಾದದ್ದು ಇಲ್ಲಿ.

ಬೆಲ್ಟ್ ಇತ್ತಲ್ಲ ಅನ್ನಬಹುದು. ಮೇಲಿಂದ ಅಡ್ಡ ಹಾಯಿಸಿದ ಬೆಲ್ಟ್ ಮಾಡುವುದು ಕೆಳಕ್ಕೆ ಒತ್ತುವ ಕೆಲಸ ಮಾತ್ರ. ನಮ್ಮ ರಾಶಿ ಗಿಡ್ಡ, ಟ್ರೇಲರ್ ಅಗಲ. ಬೆಲ್ಟ್ ನೆಲಕ್ಕೆ 30 ಡಿಗ್ರಿಯಷ್ಟೇ ಓರೆ ಇತ್ತು, ಆ ಕೋನದಲ್ಲಿ ಎಳೆತದ ಅರ್ಧ ಮಾತ್ರ ಕೆಳಕ್ಕೆ ಒತ್ತುತ್ತದೆ. ಸಾಲದ್ದಕ್ಕೆ ಪ್ಲೇಟಿನ ಅಂಚು ಚೂರಿಯಂತೆ. ಮೂಲೆಗೆ ರಬ್ಬರ್ ಕೊಡದ ಕಾರಣ ಎರಡು ಬೆಲ್ಟ್ ಕೊಯ್ದ ಹಾಗೆ ಹರಿದಿದ್ದವು.

ಯಾರ್ಡಿನವರು “ಗೇಟ್ ದಾಟಿದ ಮೇಲೆ ನಮಗ ಸಂಬಂಧ ಇಲ್ರಿ” ಅಂದರು. ಗಾಡಿ ಮಾಲೀಕರು “ಲೋಡ್ ಮಾಡಿಸಿದ್ದು ನೀವು” ಅಂದರು. ಕ್ರೇನ್ ತರಿಸಿ ಮತ್ತೆ ಹೊಂದಿಸಿದ ಖರ್ಚು ಪೂರ್ತಿ ನನ್ನ ತಲೆಗೇ ಬಂತು. ಹಾಗಾಗಿ ಲೋಡ್ ಆಗುವಾಗ ಚಹಾ ಅಂಗಡಿಯಲ್ಲಿ ಕೂರಬೇಡಿ, ಪಕ್ಕದಲ್ಲೇ ನಿಲ್ಲಿ. ಮುಂದಿನ ಖಾಲಿ ಜಾಗಕ್ಕೆ ದಪ್ಪ ಮರದ ದಿಮ್ಮಿಗಳ ಚೌಕಟ್ಟು ಕೊಟ್ಟು, ಅದು ತಡೆಗೂ ಪ್ಲೇಟಿಗೂ ಒತ್ತಿಕೊಂಡು ನಿಂತಿದೆಯೇ ನೋಡಿ. ಪ್ಲೇಟುಗಳ ನಡುವೆ ರಬ್ಬರ್ ಇಲ್ಲವೇ ಒಣ ಮರದ ಪಟ್ಟಿ ಬರಲಿ. ಮುಂದಿನ ಅಂಚಿನಿಂದ ಹಿಂದಕ್ಕೆ ಎಳೆದು ಕಟ್ಟುವ ಎರಡು ಸರಪಳಿ ಬೇರೆಯೇ ಬೇಕು. ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಗಾಡಿ ನಿಲ್ಲಿಸಿ ಮತ್ತೆ ಬಿಗಿ ಮಾಡಿಸಿ, ಕುಲುಕಾಟಕ್ಕೆ ಎಲ್ಲ ಕಟ್ಟೂ ಸಡಿಲಾಗಿರುತ್ತದೆ. ಘಟ್ಟ ಇಳಿಯುವ ಮೊದಲು ಇಡಗುಂದಿಯಲ್ಲಿ ಇನ್ನೊಮ್ಮೆ.

ಡ್ರೈವರಿಗೆ ಪೆಟ್ಟಾಗಲಿಲ್ಲ. ಈಗಲೂ ನನ್ನ ಮಾಲು ಅವನೇ ತರುತ್ತಾನೆ. ಬಾಡಿಗೆಗೆ ಫೋನ್ ಮಾಡಿದರೆ ರೇಟು ಮಾತಾಡುವ ಮೊದಲು ಅವನ ಪ್ರಶ್ನೆ ಒಂದೇ: “ಕಟ್ಟಿಗಿ ನೀವ್ ತರ್ತೀರೋ, ನಾ ಹಾಕ್ಕೊಂಡ್ ಬರ್ಲೋ?”