ಆಟೋ ರೀಆರ್ಡರ್: ಸೂತ್ರ ಗಟ್ಟಿ, ತುಂಬುವ ಅಂಕಿಯೇ ಪೊಳ್ಳು

ಸರಕು ಮೊದಲೇ ಗೊತ್ತುಮಾಡಿದ ಮಟ್ಟಕ್ಕೆ (ರೀಆರ್ಡರ್ ಲೆವೆಲ್) ಇಳಿದ ಕೂಡಲೇ ಎಷ್ಟು ತರಿಸಬೇಕೆಂದು ತಾನೇ ಲೆಕ್ಕ ಹಾಕಿ ಪರ್ಚೇಸ್ ಆರ್ಡರ್ ಸಿದ್ಧಮಾಡುವ 'ಆಟೋ ರೀಆರ್ಡರ್' ಸೌಲಭ್ಯ ಈಗ ಬಹುತೇಕ ಸ್ಟಾಕ್ ಸಾಫ್ಟ್‌ವೇರ್‌ಗಳಲ್ಲಿದೆ. ಹೊರಗಿನ ಪರದೆ ಎಷ್ಟೇ ಹೊಸದಿರಲಿ, ಬಿಚ್ಚಿ ನೋಡಿದರೆ ಒಳಗಿರುವುದು ಹೆಚ್ಚಾಗಿ ಹಳೆಯ ಗಣಿತವೇ. ಒಂದು ಸಲಕ್ಕೆ ಎಷ್ಟು ತರಿಸಬೇಕೆಂಬ ಇಒಕ್ಯೂ (ಎಕನಾಮಿಕ್ ಆರ್ಡರ್ ಕ್ವಾಂಟಿಟಿ) ಸೂತ್ರವನ್ನು ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಕೊಟ್ಟದ್ದು 1913ರಲ್ಲಿ. ಈ ಇಡೀ ಕ್ಷೇತ್ರಕ್ಕೆ 'ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್' ಎಂಬ ಹೆಸರು ಬಳಕೆಗೆ ಬಂದದ್ದೇ 1980ರ ದಶಕದಲ್ಲಿ. ಇಷ್ಟು ಹಳೆಯ ಲೆಕ್ಕವನ್ನು ಇವತ್ತು ನೆಚ್ಚಿಕೊಳ್ಳಬಹುದೇ? ಸೂತ್ರವನ್ನು ಧಾರಾಳವಾಗಿ ನೆಚ್ಚಿಕೊಳ್ಳಬಹುದು. ಯಾವಾಗ ತರಿಸಬೇಕೆಂಬ ಲೆಕ್ಕಕ್ಕೆ ಉಣಿಸುವ ಲೀಡ್ ಟೈಮನ್ನು (ಆರ್ಡರ್ ಕೊಟ್ಟಂದಿನಿಂದ ಸರಕು ಕೈಸೇರಲು ಹಿಡಿಯುವ ದಿನಗಳನ್ನು) ಮಾತ್ರ ಕಣ್ಣುಮುಚ್ಚಿ ನಂಬಬಾರದು.

ಇಒಕ್ಯೂ ಬಗ್ಗೆ ಅನುಮಾನಪಡುವವರೇ ಹೆಚ್ಚು, ಆದರೆ ಅದು ತಪ್ಪನ್ನು ತಾಳಿಕೊಳ್ಳುವ ಸೂತ್ರ. ಅದು ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ತರಿಸಿದರೂ ಆರ್ಡರ್ ಖರ್ಚು ಮತ್ತು ದಾಸ್ತಾನು ಖರ್ಚು ಸೇರಿ ಏರುವುದು ಶೇ. 8ರಷ್ಟು. ಎರಡು ಪಟ್ಟು ತರಿಸಿದರೆ ಶೇ. 25. ಆನ್‌ಲೈನ್ ಆರ್ಡರ್‌ನಿಂದ ಒಂದು ಆರ್ಡರಿನ ಖರ್ಚು ಕಾಲು ಭಾಗಕ್ಕೆ ಇಳಿದಿದ್ದರೆ, ವರ್ಗಮೂಲದ ಲೆಕ್ಕದಲ್ಲಿ ತರಿಸುವ ಪ್ರಮಾಣ ಅರ್ಧಕ್ಕೆ ಇಳಿಯಬೇಕು. ಸೆಟ್ಟಿಂಗ್‌ನಲ್ಲಿ ಹಳೆಯ ಖರ್ಚೇ ಕೂತಿದ್ದರೆ ಗೋದಾಮು ಸುಮ್ಮನೆ ತುಂಬುತ್ತದೆ.

ನಿಜವಾದ ಪೆಟ್ಟು ಬೀಳುವುದು ಸೇಫ್ಟಿ ಸ್ಟಾಕಿನಲ್ಲಿ, ಅಂದರೆ ಏರುಪೇರಿಗೆಂದು ಹೆಚ್ಚುವರಿ ಇಟ್ಟುಕೊಳ್ಳುವ ಸರಕಿನಲ್ಲಿ. ದಿನಕ್ಕೆ ಸರಾಸರಿ 20 ನಗ ಹೋಗುವ ಒಂದು ಐಟಂ ತೆಗೆದುಕೊಳ್ಳಿ. ದಿನದ ಮಾರಾಟದ ಮಾನಕ ವಿಚಲನೆ (ಸರಾಸರಿಯಿಂದ ಆಗುವ ಏರಿಳಿತದ ಅಳತೆ) 5, ಸಪ್ಲೈಯರ್ ಹೇಳಿದ ಲೀಡ್ ಟೈಮ್ 9 ದಿನ. ನೂರರಲ್ಲಿ 95 ಸಲ ಸರಕು ತಪ್ಪಬಾರದೆಂದರೆ 1.65 (95ಕ್ಕೆ ಸಲ್ಲುವ ಗುಣಕ) × 5 × 3 (9ರ ವರ್ಗಮೂಲ), ಅಂದರೆ ಸುಮಾರು 25 ನಗ ಸೇಫ್ಟಿ ಸ್ಟಾಕ್. ಇದಕ್ಕೆ 9 ದಿನದ ಮಾರಾಟ ಕೂಡಿಸಿದರೆ ರೀಆರ್ಡರ್ ಲೆವೆಲ್ 180 + 25 = 205. ಸರಳ ಮಾಡ್ಯೂಲ್‌ಗಳು ಇಲ್ಲಿಗೇ ನಿಲ್ಲುತ್ತವೆ, ಏಕೆಂದರೆ ಸಪ್ಲೈಯರ್ ಮಾಸ್ಟರ್‌ನಲ್ಲಿ (ಸಪ್ಲೈಯರ್‌ಗಳ ವಿವರದ ಪಟ್ಟಿಯಲ್ಲಿ) ಲೀಡ್ ಟೈಮಿಗೆ ಇರುವುದು ಒಂದೇ ಕಾಲಂ. ಸರಕು ಒಮ್ಮೆ 6 ದಿನಕ್ಕೆ, ಇನ್ನೊಮ್ಮೆ 13 ದಿನಕ್ಕೆ ಬಂದು, ಆ ಏರಿಳಿತದ ಮಾನಕ ವಿಚಲನೆ 3 ದಿನ ಎಂದಿಟ್ಟುಕೊಳ್ಳಿ. ಲೀಡ್ ಟೈಮನ್ನು ಮಾರಾಟದ ವಿಚಲನೆಯ ವರ್ಗದಿಂದ (9 × 25), ದಿನದ ಮಾರಾಟದ ವರ್ಗವನ್ನು ಲೀಡ್ ಟೈಮಿನ ವಿಚಲನೆಯ ವರ್ಗದಿಂದ (400 × 9) ಗುಣಿಸಿ ಕೂಡಿಸಿದರೆ 3,825. ಅದರ ವರ್ಗಮೂಲ ಸುಮಾರು 62, ಅದನ್ನು 1.65ರಿಂದ ಗುಣಿಸಿದರೆ 102. ಬೇಕಾದದ್ದು 102 ನಗ, ಸಾಫ್ಟ್‌ವೇರ್ ಇಟ್ಟದ್ದು 25! ರೀಆರ್ಡರ್ ಲೆವೆಲ್ ಇರಬೇಕಾದದ್ದು 180 + 102 = 282. ಈ ಪೂರ್ಣ ಸೂತ್ರವೂ ಹಳೆಯದೇ. ಅದನ್ನು ಬಳಸದೆ ಬಿಟ್ಟದ್ದು ನಾವು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರತಿ ಸಪ್ಲೈಯರ್‌ನ ಕೊನೆಯ 20–30 ಆರ್ಡರ್‌ಗಳನ್ನು ತೆಗೆದು, ಆರ್ಡರ್ ಕೊಟ್ಟ ದಿನದಿಂದ ಸರಕು ಇಳಿಸಿಕೊಂಡ ದಿನದವರೆಗೆ ಎಣಿಸಿ ಸರಾಸರಿ ಮತ್ತು ಮಾನಕ ವಿಚಲನೆ ತೆಗೆಯಬೇಕು. ಇನ್‌ವಾಯ್ಸ್ ತಾರೀಖು ಹಿಡಿಯಬಾರದು, ದಾರಿಯಲ್ಲಾದ ತಡವೆಲ್ಲ ಅದರಲ್ಲಿ ಮರೆಯಾಗುತ್ತದೆ.

ಇನ್ನೊಂದು ದೋಷ ಸದ್ದಿಲ್ಲದೆ ಕೊರೆಯುತ್ತದೆ. ಅದೇ ಐಟಂ ತಿಂಗಳಲ್ಲಿ 6 ದಿನ ಖಾಲಿ ಇತ್ತು ಎನ್ನಿ. ಉಳಿದ 24 ದಿನ 20ರಂತೆ 480 ಮಾರಿತು. ಮಾಡ್ಯೂಲ್ ಅದನ್ನು 30ರಿಂದ ಭಾಗಿಸಿ ದಿನಕ್ಕೆ 16 ಎನ್ನುತ್ತದೆ. ರೀಆರ್ಡರ್ ಲೆವೆಲ್ ಇಳಿಯುತ್ತದೆ, ಮುಂದಿನ ತಿಂಗಳು ಖಾಲಿ ಬೀಳುವ ದಿನ ಹೆಚ್ಚುತ್ತದೆ, ಸರಾಸರಿ ಮತ್ತೂ ಕುಸಿಯುತ್ತದೆ. ಚೆನ್ನಾಗಿ ಓಡುವ ಐಟಂ ಹೀಗೇ ಕಾಗದದ ಮೇಲೆ ಸಾಯುತ್ತದೆ. ಸ್ಟಾಕ್ ಇಲ್ಲದ ದಿನಗಳನ್ನು ಲೆಕ್ಕದಿಂದ ಬಿಡುವ ಆಯ್ಕೆ ಇಲ್ಲದ ಸಾಫ್ಟ್‌ವೇರನ್ನು ನಾವು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಹೆಚ್ಚು ವಹಿವಾಟಿನ ಐಟಂಗಳನ್ನು ಎ, ನಡುವಿನವನ್ನು ಬಿ, ಕಡಿಮೆಯವನ್ನು ಸಿ ಎಂದು ಗುಂಪು ಮಾಡುವ ಎಬಿಸಿ ವಿಂಗಡಣೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಅದು ನೋಡುವುದು ವರ್ಷದ ವಹಿವಾಟನ್ನು ಮಾತ್ರ. ಸಿ ಗುಂಪಿನ ಒಂದು ಸಣ್ಣ ವಾಷರ್ ಇಲ್ಲದೆ ಇಡೀ ಯಂತ್ರ ನಿಲ್ಲುವುದುಂಟು, ಅಂಥವನ್ನು ಕೈಯಾರೆ ಗುರುತು ಹಾಕಿಡಿ.

ಬೇಡಿಕೆಯ ಸಣ್ಣ ಅಲುಗಾಟ ಪೂರೈಕೆ ಸರಪಳಿಯ ಹಿಂದಿನ ಕೊಂಡಿಗಳಲ್ಲಿ ದೊಡ್ಡದಾಗುತ್ತದೆಂದು ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಜೇ ಫಾರೆಸ್ಟರ್ ತೋರಿಸಿದ್ದು 1958ರಲ್ಲಿ. ಆಟೋ ರೀಆರ್ಡರ್ ಅದನ್ನು ತಡೆಯುವುದಿಲ್ಲ, ಬಿಟ್ಟರೆ ಬೆಳೆಸುತ್ತದೆ. ಸರಾಸರಿ 20ರಿಂದ 22ಕ್ಕೆ ಏರಿದರೆ 9 ದಿನದ ಲೆಕ್ಕದಲ್ಲಿ ರೀಆರ್ಡರ್ ಲೆವೆಲ್ 18 ಏರುತ್ತದೆ. ಆ 18 ನಗ ಒಂದೇ ಸಲದ ಭರ್ತಿ, ಸಪ್ಲೈಯರ್ ಕಣ್ಣಿಗೆ ಮಾತ್ರ ಅದು ಹೊಸ ಬೇಡಿಕೆ. ಅವರಿಗೆ ಆರ್ಡರ್ ಜೊತೆ ದಿನದ ಮಾರಾಟದ ಅಂಕಿಯನ್ನೂ ಕಳಿಸುವ ಸೌಲಭ್ಯವಿದ್ದರೆ ತಪ್ಪದೆ ಬಳಸಿ.

ಹಳತು ಸೋತದ್ದಕ್ಕೆ ಎಲ್ಲರೂ ಕೊಡುವ ಉದಾಹರಣೆ 'ಜಸ್ಟ್ ಇನ್ ಟೈಮ್', ಅಂದರೆ ದಾಸ್ತಾನು ಇಡದೆ ಬೇಕಾದ ಹೊತ್ತಿಗೇ ಸರಕು ತರಿಸುವ ಪದ್ಧತಿ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯನ್ನು ಆರು ದಿನ ಅಡ್ಡಗಟ್ಟಿದಾಗಲೂ ಅದೇ ಮಾತು ಬಂತು. ಆದರೆ ಆ ಪದ್ಧತಿಯನ್ನು ಕಟ್ಟಿದ ಟೊಯೋಟಾವೇ 2011ರ ಜಪಾನ್ ಭೂಕಂಪದ ನಂತರ ಚಿಪ್‌ಗಳ ದಾಸ್ತಾನನ್ನು 2ರಿಂದ 6 ತಿಂಗಳಿಗಾಗುವಷ್ಟು ಇಟ್ಟುಕೊಳ್ಳುವಂತೆ ಸಪ್ಲೈಯರ್‌ಗಳಿಗೆ ಹೇಳಿತ್ತು. ತರಿಸಲು ಬಹುಕಾಲ ಹಿಡಿಯುವ ಸರಕಿಗೆ ದಾಸ್ತಾನು, ಎರಡು ದಿನದಲ್ಲಿ ಬರುವ ಸರಕಿಗೆ ಖಾಲಿಯಾದಷ್ಟನ್ನೇ ಮತ್ತೆ ತರಿಸಲು ಸೂಚಿಸುವ ಕಾನ್‌ಬಾನ್ ಕಾರ್ಡ್. ಎರಡನ್ನೂ ಒಂದೇ ನಿಯಮಕ್ಕೆ ಕಟ್ಟುವ ಮಾಡ್ಯೂಲ್ ಬೇಡ.

ಕೊಳ್ಳುವ ಮುನ್ನ ಡೆಮೊದಲ್ಲಿ ಒಂದು ಪರೀಕ್ಷೆ ಮಾಡಿ. ಕೈಯಲ್ಲಿ 150 ನಗ, ಈಗಾಗಲೇ ಆರ್ಡರ್ ಕೊಟ್ಟು ಬರಬೇಕಾದದ್ದು 400, ಗಿರಾಕಿಗೆ ಬಾಕಿ ಕೊಡಬೇಕಾದದ್ದು 30, ರೀಆರ್ಡರ್ ಲೆವೆಲ್ 282 ಎಂದು ತುಂಬಿಸಿ. ಸರಿಯಾದ ಮಾಡ್ಯೂಲ್ 150 + 400 − 30 = 520 ಎಂದು ಲೆಕ್ಕ ಹಾಕಿ ಸುಮ್ಮನಿರುತ್ತದೆ. ಆರ್ಡರ್ ಹಾಕಲು ಹೊರಟರೆ ಅದು ಬರೀ ಕೈಯಲ್ಲಿರುವ ಸ್ಟಾಕ್ ನೋಡುತ್ತಿದೆ, ಹಾಗೆ ಬಿಟ್ಟರೆ ಸರಕು ಬಂದಿಳಿಯುವವರೆಗೂ ಅದೇ ಆರ್ಡರನ್ನು ದಿನವೂ ಮತ್ತೆ ಮತ್ತೆ ಹಾಕುತ್ತದೆ.